ಗದ್ದ ಎದೆಗೆ ಅಂಟಿಕೊಂಡಿರುವ ಹುಡುಗಿ: ಆಪರೇಷನ್ ಮಾಡಿಸೋಕೆ ಎಲ್ಲಿಂದ ಶುರು ಮಾಡಲಿ?

ಮೂರನೇ ಕ್ಲಾಸ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಒಂದರಿಂದ ಐದನೇ ಕ್ಲಾಸಿನವರೆಗೆ 34 ಮಕ್ಕಳು, ನಾವಿಬ್ಬರೇ ಶಿಕ್ಷಕರು. ಈ ವರ್ಷ ಮೂರನೇ ಕ್ಲಾಸಿಗೆ ಬಂದ ಒಬ್ಬ ಹುಡುಗಿಯ ಬಗ್ಗೆ ಕೇಳಬೇಕಿತ್ತು. ಹೆಸರು ಬೇಡ, ಪುಟ್ಟಿ ಅಂತ ಇಟ್ಟುಕೊಳ್ಳಿ. 8 ವರ್ಷ.

ಐದೂವರೆ ವರ್ಷದವಳಿದ್ದಾಗ ಚಳಿಗಾಲದ ಒಂದು ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಾ ಕೂತಿದ್ದಳಂತೆ. ಹಾಕಿಕೊಂಡಿದ್ದು ಜಾತ್ರೆಯಲ್ಲಿ ತಂದ ನೈಲಾನ್ ಫ್ರಾಕು. ಕಿಡಿ ಹಾರಿ ಹತ್ತಿಕೊಂಡಿದೆ. ಆ ಬಟ್ಟೆ ಉರಿದಿದ್ದಕ್ಕಿಂತ ಕರಗಿ ಮೈಗೆ ಮೆತ್ತಿಕೊಂಡಿದ್ದೇ ಜಾಸ್ತಿ. ಅಜ್ಜಿ ಗಾಬರಿಯಲ್ಲಿ ಟೂತ್‌ಪೇಸ್ಟ್ ಬಳಿದಿದ್ದಾರೆ. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು ಹೇಗೋ ಜೀವ ಉಳಿಯಿತು. ಗಾಯ ಒಣಗಿದ ಮೇಲೆ ‘ವಾಸಿಯಾಯ್ತು, ಕರ್ಕೊಂಡು ಹೋಗಿ’ ಅಂದರಂತೆ. ಆಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಲ್ಲ, ಇವರೂ ಕೇಳಿಲ್ಲ.

ಈಗ ಅವಳ ಗದ್ದ ಹೆಚ್ಚುಕಮ್ಮಿ ಎದೆಗೇ ಅಂಟಿಕೊಂಡಿದೆ. ಕತ್ತಿನ ಮುಂದೆ ಹಗ್ಗದ ಹಾಗೆ ದಪ್ಪ ಚರ್ಮ. ಕೆಳದುಟಿ ಎಳೆದುಕೊಂಡು ಬಾಯಿ ಪೂರ್ತಿ ಮುಚ್ಚುವುದಿಲ್ಲ. ಜೊಲ್ಲು ಒರೆಸಿಕೊಳ್ಳಲು ಯಾವಾಗಲೂ ಎಡಗೈಯಲ್ಲಿ ಒಂದು ಕರ್ಚೀಫು. ಬಲಗೈಯ ಕಿರುಬೆರಳು, ಉಂಗುರದ ಬೆರಳು ಅಂಗೈ ಕಡೆಗೆ ಮಡಚಿಕೊಂಡಿವೆ. ಬೋರ್ಡ್ ನೋಡಬೇಕಾದರೆ ಕತ್ತು ಎತ್ತಲಾಗದೆ ಸೊಂಟದಿಂದಲೇ ಹಿಂದಕ್ಕೆ ಬಾಗುತ್ತಾಳೆ. ಜೂನ್‌ನಲ್ಲಿ ನನಗೆ ಇದು ಗೊತ್ತೇ ಆಗಲಿಲ್ಲ. ‘ನೆಟ್ಟಗೆ ಕೂತ್ಕೊಳ್ಳೇ’ ಅಂತ ಎರಡು ಸಲ ಗದರಿದ್ದೇನೆ. ನೆನೆಸಿಕೊಂಡರೆ ನನಗೇ ನಾಚಿಕೆ. ಈಗ ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತೇನೆ.

ಅಪ್ಪ ಮಂಡಿಯಲ್ಲಿ ಹಮಾಲಿ. ಅಮ್ಮ ಸೀಸನ್ನಿನಲ್ಲಿ ಅಡಿಕೆ ಸುಲಿಯುತ್ತಾರೆ, ಉಳಿದ ದಿನ ಸಿಕ್ಕ ಕೂಲಿ. ಬಿಪಿಎಲ್ ಕಾರ್ಡ್ ಇದೆ. ಹೋದ ತಿಂಗಳು ತಾಯಿ ಮಗಳನ್ನು ನಾನೇ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ ಹತ್ತಿರಕ್ಕೂ ಹೋಗಲಿಲ್ಲ, ಕೌಂಟರಿನಲ್ಲೇ ‘ಸುಟ್ಟ ಕಲೆ ತೆಗೆಸೋದು ಕಾಸ್ಮೆಟಿಕ್, ಕಾರ್ಡ್ ನಡೆಯಲ್ಲ’ ಅಂದರು. 1,80,000 ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ‘ಬಿಡಿ ಸಾ, ಜೀವ ಐತಲ್ಲ’ ಅಂದರು.

ನಾನು ಬಿಡೋದಿಲ್ಲ ಅಂದುಕೊಂಡಿದ್ದೇನೆ, ಆದರೆ ದಾರಿ ಗೊತ್ತಿಲ್ಲ. ಇದಕ್ಕೆ ನಿಜವಾಗಲೂ ಕಾರ್ಡ್ ನಡೆಯೋದಿಲ್ವಾ? ಇನ್ನೂ ಬೆಳೆಯೋ ಮಗು, ದೊಡ್ಡವಳಾದ ಮೇಲೆ ಮಾಡಿಸೋದು ಒಳ್ಳೆಯದಾ? ಯಾರಾದರೂ ಮಾಡಿಸಿದವರು ಇದ್ದರೆ ಹೇಳಿ.

ಫಿಲ್ಟರ್ ಕಾಫಿ

ಸರ್, ಓದಿ ಬೇಜಾರಾಯಿತು. ಮಗುವಿನ ಒಂದು ಫೋಟೊ, ಅವರಪ್ಪನ ಅಕೌಂಟ್ ನಂಬರ್ ಹಾಕಿ. ನಮ್ಮ ಆಫೀಸ್ ಗ್ರೂಪಿನಲ್ಲಿ, ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹಾಕಿದರೆ 1,80,000 ಒಂದು ವಾರದಲ್ಲಿ ಆಗುತ್ತದೆ. ನನ್ನ ಕಡೆಯಿಂದ 5,000.

ಹೊಲಿಗೆ ಮನೆ

ಮೇಷ್ಟ್ರೇ, ಮೊದಲು ಆ ಫೋಟೊ ವಿಷಯ. ದಯವಿಟ್ಟು ಬೇಡ. ಕಾಫಿಯವರ ಮನಸ್ಸು ಒಳ್ಳೆಯದೇ, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ.

ನನ್ನ ತಂಗಿಯ ಮಗ 4 ವರ್ಷದವನಿದ್ದಾಗ ಮದುವೆ ಮನೆಯಲ್ಲಿ ಓಡಾಡುತ್ತಾ ಸಾರಿನ ಕೊಳಗದ ಮೇಲೆ ಬಿದ್ದ. ಕಂಕುಳಿಂದ ಮೊಣಕೈವರೆಗೆ ಸುಟ್ಟಿತು. ಆಗ ನಮ್ಮ ಸಂಬಂಧಿಕರೊಬ್ಬರು ಸಹಾಯ ಆಗಲಿ ಅಂತಲೇ ಅವನ ಫೋಟೊ ವಾಟ್ಸಾಪಿಗೆ ಹಾಕಿದರು. ದುಡ್ಡು ಬಂತು, 62,000. ಫೋಟೊ ಮಾತ್ರ ವಾಪಸ್ ಬರಲಿಲ್ಲ. ಅವನು ಏಳನೇ ಕ್ಲಾಸಿನಲ್ಲಿದ್ದಾಗ ಅದೇ ಫೋಟೊವನ್ನು ಒಬ್ಬ ಹುಡುಗ ಮೊಬೈಲಿನಲ್ಲಿ ತೋರಿಸಿ ‘ಇದು ನೀನೇ ಅಲ್ವಾ’ ಅಂದಿದ್ದಾನೆ. ಒಂದು ವಾರ ಸ್ಕೂಲಿಗೆ ಹೋಗಲಿಲ್ಲ. ನಿಮ್ಮ ಹುಡುಗಿ ಇನ್ನೂ ಹತ್ತು ವರ್ಷ ಅದೇ ಊರಲ್ಲಿ ಓದಬೇಕು.

ಎರಡನೆಯದು, ಆ ‘ಕಾಸ್ಮೆಟಿಕ್’ ಅನ್ನೋ ಮಾತು. ಇದರಲ್ಲಿ ನಾವೂ ಬಿದ್ದು ಎದ್ದವರೇ. ತಪ್ಪು ಅವರದಷ್ಟೇ ಅಲ್ಲ, ನಾವು ಹೇಳುವ ರೀತಿಯಲ್ಲೂ ಇದೆ. ‘ಸುಟ್ಟ ಕಲೆ ಇದೆ’ ಅಂತ ಹೋದರೆ ಚರ್ಮದ ಓಪಿಡಿಗೆ ಕಳಿಸುತ್ತಾರೆ. ನಮ್ಮನ್ನೂ ಕಳಿಸಿದರು. ಮುಲಾಮು ಕೊಟ್ಟರು, ಎಂಟು ತಿಂಗಳು ತಿಕ್ಕಿದೆವು, ಕೈ ಒಂದಿಂಚೂ ಮೇಲೆ ಹೋಗಲಿಲ್ಲ. ಕೊನೆಗೆ ಒಬ್ಬ ನರ್ಸಮ್ಮ ಹೇಳಿಕೊಟ್ಟರು: ‘ಕಲೆ ಅನ್ನಬೇಡಿ, ಕೈ ಏಳಲ್ಲ ಅನ್ನಿ. ಅಂಗಿ ಹಾಕೋಕೆ ಆಗಲ್ಲ ಅನ್ನಿ.’ ನೀವೂ ಅಷ್ಟೇ. ಕತ್ತು ಎತ್ತಲಾಗಲ್ಲ, ಬಾಯಿ ಮುಚ್ಚಲ್ಲ, ಬೆರಳು ಬಿಡಿಸಲಾಗಲ್ಲ, ಪೆನ್ಸಿಲ್ ಹಿಡಿಯೋಕೆ ಕಷ್ಟ. ಈ ನಾಲ್ಕು ಮಾತು ಸಾಕು.

ಸುಟ್ಟ ಚರ್ಮ ಹೀಗೆ ಕುಗ್ಗಿ ಅಂಗವನ್ನು ಎಳೆದು ಹಿಡಿಯುವುದಕ್ಕೆ ಡಾಕ್ಟರ ಭಾಷೆಯಲ್ಲಿ ಕಾಂಟ್ರಾಕ್ಚರ್ ಅನ್ನುತ್ತಾರೆ. ಚಂದಕ್ಕೆ ಮಾಡಿಸುವ ಆಪರೇಷನ್‌ಗೆ ಆಯುಷ್ಮಾನ್ ಕಾರ್ಡ್ ನಡೆಯೋದಿಲ್ಲ, ಅದು ನಿಜ. ಆದರೆ ಸುಟ್ಟ ಮೇಲಿನ ಕಾಂಟ್ರಾಕ್ಚರ್ ಬಿಡಿಸಿ ಅಂಗ ಮತ್ತೆ ಕೆಲಸ ಮಾಡುವ ಹಾಗೆ ಮಾಡುವುದು ಕಾರ್ಡಿನಲ್ಲಿ ಸಿಗುವ ಚಿಕಿತ್ಸೆಗಳ ಪ್ಯಾಕೇಜ್ ಪಟ್ಟಿಯಲ್ಲೇ ಇದೆ. ಕುತ್ತಿಗೆಯದಕ್ಕೆ ಬೇರೆಯಾಗಿಯೇ ಒಂದು ಸಾಲು ಇದೆ. ಸ್ಪ್ಲಿಂಟ್ (ಅಂಗವನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ), ಪ್ರೆಶರ್ ಗಾರ್ಮೆಂಟ್ (ಕಲೆಯನ್ನು ಒತ್ತಿಹಿಡಿಯುವ ಬಿಗಿ ಬಟ್ಟೆ), ಸಿಲಿಕೋನ್ ಶೀಟ್ (ಕಲೆಯ ಮೇಲೆ ಹಾಕುವ ಮೆತ್ತನೆ ಹಾಳೆ), ಫಿಸಿಯೋಥೆರಪಿ ಕೂಡ ಅದರಲ್ಲೇ ಸೇರಿದೆ ಅಂತ ಬರೆದಿದೆ. ಇದನ್ನು ಯಾರೂ ತಾವಾಗಿ ಹೇಳೋದಿಲ್ಲ, ನೀವೇ ಕೇಳಬೇಕು.

ನಮ್ಮ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಎಮರ್ಜೆನ್ಸಿ ಅಲ್ಲದ ಕಾಯಿಲೆಗೆ ನೇರವಾಗಿ ಖಾಸಗಿಗೆ ಹೋದರೆ ಆಗಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗೋದಿಲ್ಲ ಅಂದರೆ ಅವರೇ ರೆಫರಲ್ ಬರೆದುಕೊಡುತ್ತಾರೆ. ನೀವು ಮಾಡಿದ ತಪ್ಪು ಇದೊಂದೇ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಸರ್ಜನ್ ಅವರಿಗೆ ತೋರಿಸಿ. ಚೀಟಿಯಲ್ಲಿ ‘ಸುಟ್ಟ ಕಲೆ’ ಅಂತ ಬರೆದರೆ ಅಲ್ಲೇ ನಿಂತು, ‘ಸರ್, ಕಾಂಟ್ರಾಕ್ಚರ್ ಅಂತ ಬರೆಯಿರಿ’ ಅಂತ ಕೇಳಿ. ನೀವು ಮೇಷ್ಟ್ರು, ಕೇಳಿದರೆ ಬೇಜಾರು ಮಾಡಿಕೊಳ್ಳಲ್ಲ. ಅವರಮ್ಮ ಕೇಳಿದರೆ ಗದರಿಬಿಡುತ್ತಾರೆ. ಅದಕ್ಕೇ ನೀವು ಜೊತೆಗಿರಬೇಕಾದ್ದು, ದುಡ್ಡಿಗಲ್ಲ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಕಾರ್ಡಿನ ಕೆಲಸವೆಲ್ಲ ಅವರದು. ಏನಾದರೂ ಅಡ್ಡಿ ಬಂದರೆ 104ಕ್ಕೋ 14555ಕ್ಕೋ ಫೋನ್ ಮಾಡಿ. ಹಳೆಯ ಡಿಸ್ಚಾರ್ಜ್ ಸಮ್ಮರಿ ಇದ್ದರೆ ಜೋಪಾನ. ನನ್ನ ತಂಗಿ ಅದನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳು, ಪುಣ್ಯಕ್ಕೆ ಇಲಿ ಮೂಲೆಯನ್ನಷ್ಟೇ ತಿಂದಿತ್ತು.

ಎಲ್ಲಿ ಅಂತ ಕೇಳಿದರೆ, ಬೆಂಗಳೂರಿನ ವಿಕ್ಟೋರಿಯಾದಲ್ಲಿ ಸುಟ್ಟ ಗಾಯದವರಿಗೇ ಅಂತ ಮಹಾಬೋಧಿ ಬರ್ನ್ಸ್ ಸೆಂಟರ್ ಇದೆ. ಇನ್ನೊಂದು, ‘ಅಗ್ನಿ ರಕ್ಷಾ’ ಅಂತ ಬೆಂಗಳೂರಿನಲ್ಲೇ ಒಂದು ಸಂಸ್ಥೆ. ಡಾ. ಪ್ರೇಮಾ ಧನರಾಜ್ ಅವರು 1999ರಲ್ಲಿ ಶುರು ಮಾಡಿದ್ದು. ಬಡವರಿಗೆ ಆಪರೇಷನ್ ಮಾಡಿಸುವುದೇ ಅವರ ಕೆಲಸ. ಪ್ರೇಮಾ ಅವರ ಕಥೆಯನ್ನು ಆ ಹುಡುಗಿಯ ಅಮ್ಮನಿಗೆ ಹೇಳಿ. ಅವರಿಗೂ ಸುಟ್ಟಾಗ 8 ವರ್ಷ, ಮನೆಯ ಸ್ಟೌವ್ ಸಿಡಿದು. ಮುಖ, ಕತ್ತು ಎಲ್ಲ ಹೋಗಿತ್ತು. ವೆಲ್ಲೂರಿನ ಸಿಎಂಸಿಯಲ್ಲಿ ಆಪರೇಷನ್ ಮೇಲೆ ಆಪರೇಷನ್ ಆಯಿತು. ಅದೇ ಆಸ್ಪತ್ರೆಯಲ್ಲಿ ಆಮೇಲೆ ಪ್ಲಾಸ್ಟಿಕ್ ಸರ್ಜನ್ ಆಗಿ ವಿಭಾಗದ ಮುಖ್ಯಸ್ಥೆಯೂ ಆದರು. 2024ರಲ್ಲಿ ಪದ್ಮಶ್ರೀ ಬಂತು. ನನ್ನ ತಂಗಿ ಪೇಪರಿನಲ್ಲಿ ಬಂದ ಅವರ ಫೋಟೊ ಕತ್ತರಿಸಿ ಹೊಲಿಗೆ ಮಷಿನ್ನಿನ ಮುಂದೆ ಅಂಟಿಸಿದ್ದಾಳೆ.

ಕಾಫಿಯವರೇ, ನಿಮ್ಮ 5,000 ಬೇಡ ಅಂದೆ ಅಂತ ಅಲ್ಲ. ಕಾರ್ಡು ಕೊಡದ ಖರ್ಚು ಬೇರೆ ಇರುತ್ತದೆ. ನಾವು 17 ದಿನ ಆಸ್ಪತ್ರೆಯಲ್ಲಿದ್ದೆವು. ಅಷ್ಟು ದಿನ ತಾಯಿಗೆ ಕೂಲಿ ಇಲ್ಲ, ಬಸ್ ಚಾರ್ಜು, ಊಟ, ಆಮೇಲೆ ವಾರ ವಾರ ಡ್ರೆಸ್ಸಿಂಗಿಗೆ ಓಡಾಟ. ಬಹಳ ಜನ ಅರ್ಧಕ್ಕೆ ಬಿಡೋದು ಅಲ್ಲೇ. ಮೇಷ್ಟ್ರ ಕೈಯಲ್ಲಿ ಅದಕ್ಕೆ ಅಂತ ಕೊಡಿ.

ಫಿಲ್ಟರ್ ಕಾಫಿ

ಅಕ್ಕಾ, ಫೋಟೊ ಬಗ್ಗೆ ಹೀಗೆ ಯೋಚನೆ ಮಾಡಿರಲಿಲ್ಲ. ಕ್ಷಮಿಸಿ. ದುಡ್ಡು ಹಾಗೇ ಎತ್ತಿಟ್ಟಿರುತ್ತೇನೆ, ಯಾವಾಗ ಬೇಕೋ ಹೇಳಿ.

ಕೀಲುಮೂಳೆ

ನಾನು ಫಿಸಿಯೋಥೆರಪಿಸ್ಟ್, ಹತ್ತು ವರ್ಷದಲ್ಲಿ ಆರು ವರ್ಷ ಬರ್ನ್ಸ್ ವಾರ್ಡಿನಲ್ಲೇ ಕಳೆದವನು. ಮೇಲೆ ಅಕ್ಕ ಬರೆದಿದ್ದು ಎಲ್ಲ ಸರಿ. ನಾನು ಎರಡು ಮಾತು ಸೇರಿಸುತ್ತೇನೆ.

ಮಗು ದೊಡ್ಡದಾಗಲಿ ಅಂತ ಕಾಯಬೇಡಿ. ಸುಮ್ನೆ ಕಲೆ ಆಗಿದ್ದರೆ ಕಾಯಬಹುದಿತ್ತು. ಕಲೆ ಮೆತ್ತಗಾಗಿ ಬಣ್ಣ ಇಳಿಯೋಕೇ ಒಂದು ಒಂದೂವರೆ ವರ್ಷ ಬೇಕು. ಇದು ಹಾಗಲ್ಲ. ಮೂಳೆ ಬೆಳೆಯುತ್ತದೆ, ಸುಟ್ಟ ಚರ್ಮ ಅದರ ಜೊತೆ ಬೆಳೆಯೋದಿಲ್ಲ. ಹೋದ ವರ್ಷದ ಯೂನಿಫಾರಂ ಈ ವರ್ಷ ಬಿಗಿಯಾಗುತ್ತಲ್ಲ, ಹಾಗೆ. ಎಳೆತ ಹೀಗೇ ಇದ್ದರೆ ದವಡೆ ಬೆಳೆಯೋದು, ಕೆಳಹಲ್ಲು ಕೂರೋದು ಎಲ್ಲ ಕೆಡುತ್ತದೆ. ಬೆರಳಿನ ಕೀಲು ಮಡಚಿಕೊಂಡೇ ಇದ್ದರೆ ಬಿರುಸಾಗಿಬಿಡುತ್ತದೆ, ಆಮೇಲೆ ಚರ್ಮ ಬಿಡಿಸಿದರೂ ಬೆರಳು ನೆಟ್ಟಗಾಗಲ್ಲ. ಎರಡೂವರೆ ವರ್ಷ ಆಗಲೇ ಹೋಗಿದೆ. ಈಗ ಮಾಡಿಸಿದರೂ ಬೆಳೆಯುತ್ತಾ ಇನ್ನೊಮ್ಮೆ ಬೇಕಾಗಬಹುದು. ಅದನ್ನು ಮನೆಯವರಿಗೆ ಈಗಲೇ ಹೇಳಿಬಿಡಿ, ಆಮೇಲೆ ‘ಆಪರೇಷನ್ ಫೇಲ್ ಆಯ್ತು’ ಅಂದುಕೊಳ್ಳಬಾರದು.

ಸಣ್ಣ ನರ್ಸಿಂಗ್ ಹೋಮಿನವರು ಕಡಿಮೆ ದುಡ್ಡಿಗೆ ಮಾಡುತ್ತೇವೆ ಅಂದರೆ ಒಪ್ಪಬೇಡಿ. ಇಂಥ ಕತ್ತಿನಲ್ಲಿ ಕಷ್ಟ ಇರೋದು ಕೊಯ್ಯುವುದರಲ್ಲಿ ಅಲ್ಲ, ಅರಿವಳಿಕೆ ಕೊಡುವುದರಲ್ಲಿ. ಗದ್ದ ಎತ್ತಲಾಗದಿದ್ದರೆ ಉಸಿರಿನ ಟ್ಯೂಬ್ ಹಾಕೋದು ಬಹಳ ಕಷ್ಟ. ಅನುಭವ ಇರುವ ಅನಸ್ತೇಶಿಯಾ ಡಾಕ್ಟರ್ ಬೇಕು, ಅಂದರೆ ಮೆಡಿಕಲ್ ಕಾಲೇಜು ಮಟ್ಟದ ಆಸ್ಪತ್ರೆಯೇ ಬೇಕು.

ಮತ್ತೆ, ಆಪರೇಷನ್ ಅಂದರೆ ಅರ್ಧ ಕೆಲಸ. ಬಿಗಿದ ಚರ್ಮ ಬಿಡಿಸಿದ ಜಾಗಕ್ಕೆ ಮೈಯ ಬೇರೆ ಕಡೆಯಿಂದ ತೆಗೆದು ಹೊಸದಾಗಿ ಹಾಕಿದ ಚರ್ಮವೂ ಕುಗ್ಗುತ್ತದೆ, ಅದರ ಗುಣವೇ ಹಾಗೆ. ಅದಕ್ಕೆ ಆರು ತಿಂಗಳಾದರೂ ಕತ್ತಿಗೆ ಕಾಲರ್, ಕೈಗೆ ಸ್ಪ್ಲಿಂಟ್. ಸ್ನಾನ, ಊಟ, ವ್ಯಾಯಾಮ ಬಿಟ್ಟರೆ ಹಗಲೂ ರಾತ್ರಿ. ದಿಂಬು ಬಿಡಬೇಕು. ಹೆಗಲ ಕೆಳಗೆ ಒಂದು ಟವೆಲ್ ಸುರುಳಿ ಇಟ್ಟು ಕತ್ತು ಹಿಂದಕ್ಕೆ ಬರುವ ಹಾಗೆ ಮಲಗಿಸಬೇಕು. ಕೊಬ್ಬರಿ ಎಣ್ಣೆ ಹಚ್ಚಿ ದಿನಕ್ಕೆ ನಾಲ್ಕು ಸಲ ಮೆಲ್ಲಗೆ ನೀವಬೇಕು. ಕೆರೆತ ತಡೆಯೋಕೆ ಆಗಲ್ಲ, ಮಕ್ಕಳು ಅಳುತ್ತಾರೆ, ತಾಯಂದಿರು ಪಾಪ ಅಂತ ಕಾಲರ್ ಬಿಚ್ಚಿಬಿಡುತ್ತಾರೆ. ಮೂರು ತಿಂಗಳಿಗೆ ಮತ್ತೆ ಗದ್ದ ಕೆಳಗೆ. ನನ್ನ ಕಣ್ಣಾರೆ ಎಷ್ಟೋ ನೋಡಿದ್ದೇನೆ. ಆ ತಾಯಿಯರನ್ನು ಬೈಯೋಕೂ ಮನಸ್ಸು ಬರಲ್ಲ.

ಮೂರನೇ ಕ್ಲಾಸ್ ಮೇಷ್ಟ್ರು

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಜಿಲ್ಲಾ ಆಸ್ಪತ್ರೆಗೆ ಹೋಗಿಬಂದೆವು. ನರ್ಸಮ್ಮ ಹೇಳಿಕೊಟ್ಟ ಹಾಗೇ ಹೇಳಿದೆ. ಸರ್ಜನ್ ಅವರು ಪುಟ್ಟಿಗೆ ‘ಮೇಲೆ ಫ್ಯಾನ್ ನೋಡು’ ಅಂದರು. ಅವಳು ಎಂದಿನ ಹಾಗೆ ಸೊಂಟ ಬಾಗಿಸಿ ನೋಡಿದಳು. ಅವರು ಪೆನ್ನು ಕೆಳಗಿಟ್ಟು ಒಂದು ಕ್ಷಣ ಸುಮ್ಮನಿದ್ದರು, ಆಮೇಲೆ ನಾನು ಕೇಳುವ ಮೊದಲೇ ಕಾಂಟ್ರಾಕ್ಚರ್ ಅಂತ ಬರೆದರು.

ಈಗ ಎರಡು ತೊಡಕು. ಒಂದು, ಆಯುಷ್ಮಾನ್ ಕಾರ್ಡ್ ಮಾಡಿಸಲು ಹೋದರೆ ಅವಳ ಆಧಾರ್ ತೆಗೆದುಕೊಳ್ಳುತ್ತಿಲ್ಲ. 3 ವರ್ಷದವಳಿದ್ದಾಗ ಮಾಡಿಸಿದ್ದಂತೆ. ಹೆಬ್ಬೆಟ್ಟು ಕೊಡಲು ಹೋದರೆ ಬಲಗೈಯ ಎರಡು ಬೆರಳು ಮಷಿನ್ ಮೇಲೆ ಕೂರುವುದೇ ಇಲ್ಲ. ಇನ್ನೊಂದು, ತೊಡೆಯಿಂದ ಚರ್ಮ ತೆಗೆಯುತ್ತಾರೆ ಅಂತ ಕೇಳಿ ಅಜ್ಜಿ ಹಟ ಹಿಡಿದಿದ್ದಾರೆ. ‘ಒಂದು ಕಡೆ ಸುಟ್ಟಿದ್ದು ಸಾಲದು ಅಂತ ಇನ್ನೊಂದು ಕಡೆ ಸುಲೀತಾರಾ?’ ಅನ್ನುತ್ತಾರೆ. ಏನು ಹೇಳಲಿ?

ಕೌಂಟರ್ ನಂಬರ್ 4

ಸರ್, ನಾನು ಸೇವಾ ಕೇಂದ್ರದಲ್ಲಿ ಕೆಲಸ ಮಾಡುವವನು. ಇದು ದಿನಾ ಬರುವ ಕೇಸು. 5 ವರ್ಷದೊಳಗಿನ ಮಕ್ಕಳ ಆಧಾರಿಗೆ ಬೆರಳಚ್ಚು, ಕಣ್ಣು ತೆಗೆದಿರುವುದಿಲ್ಲ, ಬರೀ ಫೋಟೊ. 5 ತುಂಬಿದ ಮೇಲೆ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಲೇಬೇಕು. ಮಾಡಿಸದಿದ್ದರೆ ಹೀಗೇ ಕೈಕೊಡುತ್ತದೆ. ಮಗು ಅದೇ ಸಮಯದಲ್ಲಿ ಆಸ್ಪತ್ರೆಯಲ್ಲಿತ್ತಲ್ಲ, ಯಾರಿಗೆ ನೆನಪಿರುತ್ತದೆ ಪಾಪ. ಆಧಾರ್ ಸೇವಾ ಕೇಂದ್ರಕ್ಕೋ ಆಧಾರ್ ಮಾಡುವ ಪೋಸ್ಟ್ ಆಫೀಸಿಗೋ ಕರೆದುಕೊಂಡು ಹೋಗಿ. ಎರಡು ಬೆರಳು ಬರದಿದ್ದರೆ ಪರವಾಗಿಲ್ಲ, ಬಂದ ಬೆರಳು ಮತ್ತು ಕಣ್ಣು ತೆಗೆದುಕೊಂಡು, ಬಾರದ ಬೆರಳನ್ನು ಎಕ್ಸೆಪ್ಷನ್ ಅಂತ ಹಾಕಲು ಅವಕಾಶ ಇದೆ. ‘ಬೆರಳು ಬರಲ್ಲ, ಹೋಗಿ’ ಅಂದರೆ ಒಪ್ಪಬೇಡಿ. ರೇಷನ್ ಕಾರ್ಡಿನಲ್ಲಿ ಹೆಸರು ಆಧಾರಿನ ಹಾಗೇ ಇದೆಯಾ ಅಂತಲೂ ಈಗಲೇ ನೋಡಿ. ಒಂದಕ್ಷರ ಆಚೀಚೆ ಆದರೆ ಇನ್ನೊಂದು ಸುತ್ತು.

ಹೊಲಿಗೆ ಮನೆ

ಅಜ್ಜಿ ಕೇಳಿದ್ದು ನ್ಯಾಯವಾಗಿಯೇ ಇದೆ, ನಗಬೇಡಿ. ನಮ್ಮಮ್ಮನೂ ಇದೇ ಕೇಳಿದ್ದರು. ತೊಡೆಯಿಂದ ತೆಗೆಯುವುದು ಮೇಲಿನ ತೆಳು ಪದರ ಮಾತ್ರ, ಈರುಳ್ಳಿ ಸಿಪ್ಪೆಯ ಒಳಗಿನ ಪೊರೆಯ ಹಾಗೆ. ಬಿದ್ದು ಮಂಡಿ ತರಚಿದರೆ ಹೇಗೆ ಆಗುತ್ತದೋ ಹಾಗೆ ಕಾಣುತ್ತದೆ. ಎರಡು ಮೂರು ವಾರದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಸುಳ್ಳು ಹೇಳಲ್ಲ, ಮೊದಲ ವಾರ ನಮ್ಮ ಹುಡುಗ ಕೈಗಿಂತ ತೊಡೆ ಉರಿಗೇ ಜಾಸ್ತಿ ಅತ್ತ. ಬಣ್ಣ ಸ್ವಲ್ಪ ಬೇರೆಯಾಗಿ ಉಳಿದಿದೆ, ಚಡ್ಡಿಯೊಳಗೆ ಮುಚ್ಚಿಹೋಗುತ್ತದೆ. ಅಜ್ಜಿಗೆ ಬೇಕಾದರೆ ಫೋನಿನಲ್ಲಿ ನಮ್ಮಮ್ಮನ ಹತ್ತಿರವೇ ಮಾತಾಡಿಸೋಣ. ಮುದುಕಿಯರ ಮಾತು ಮುದುಕಿಯರಿಗೇ ಅರ್ಥ ಆಗೋದು.

ಟೂತ್‌ಪೇಸ್ಟ್ ವಿಷಯಕ್ಕೆ ಅಜ್ಜಿಯನ್ನು ಯಾರೂ ಹಂಗಿಸದೆ ಇರಲಿ. ನಿಮ್ಮ ಬೇರೆ ಮಕ್ಕಳಿಗೆ ಮಾತ್ರ ಹೇಳಿಕೊಡಿ: ಸುಟ್ಟರೆ ನಲ್ಲಿ ಕೆಳಗೆ ತಣ್ಣೀರು, ಇಪ್ಪತ್ತು ನಿಮಿಷ, ಬೇರೇನೂ ಬೇಡ.

ಮೂರನೇ ಕ್ಲಾಸ್ ಮೇಷ್ಟ್ರು

ಐದು ವಾರ ಆಯಿತು, ಎಲ್ಲಿಗೆ ಬಂತು ಅಂತ ಬರೆಯುತ್ತಿದ್ದೇನೆ. ಆಧಾರ್ ಸರಿಹೋಯಿತು. ಕಣ್ಣು ತೆಗೆಯುವಾಗ ಆ ಯಂತ್ರವನ್ನು ಅವಳ ಮುಖದ ಎತ್ತರಕ್ಕೆ ಇಳಿಸಬೇಕಾಯಿತು, ಆಧಾರ್ ಕೇಂದ್ರದ ಹುಡುಗ ನೆಲದ ಮೇಲೆ ಕೂತು ತೆಗೆದ. ಕಾರ್ಡ್ ಬಂತು. ರೆಫರಲ್ ಮೇಲೆ ಒಂದು ಮೆಡಿಕಲ್ ಕಾಲೇಜಿನ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋದೆವು. ಮೊದಲು ಕತ್ತು, ಕೆಲವು ತಿಂಗಳು ಬಿಟ್ಟು ಬೆರಳು ಅಂದಿದ್ದಾರೆ. ದುಡ್ಡಿನ ಮಾತೇ ಬರಲಿಲ್ಲ.

ಆದರೆ ಡೇಟ್ ಕೊಡಲಿಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ 8.4 ಇದೆ, 10 ದಾಟಿಸಿಕೊಂಡು ಬನ್ನಿ ಅಂದರು. ಕಬ್ಬಿಣದ ಸಿರಪ್ಪು, ಜಂತುಹುಳದ ಮಾತ್ರೆ ಕೊಟ್ಟಿದ್ದಾರೆ. ಶಾಲೆಯಲ್ಲಿ ವಾರಕ್ಕೆ 6 ದಿನ ಮೊಟ್ಟೆ ಇದೆ, ನಮ್ಮ ಅಡುಗೆ ಅಕ್ಕ ಬುಟ್ಟಿಯಲ್ಲಿ ದೊಡ್ಡದನ್ನು ಹುಡುಕಿ ಅವಳಿಗೆ ಎತ್ತಿಡುತ್ತಾರೆ. ಸಾರಿಗೆ ದಿನ ಬಿಟ್ಟು ದಿನ ನುಗ್ಗೆ ಸೊಪ್ಪು. ಉಳಿದ ಮಕ್ಕಳು ನನ್ನನ್ನು ಶಪಿಸುತ್ತಿದ್ದಾರೆ. ಅಜ್ಜಿ ಹೊಲಿಗೆ ಮನೆಯವರ ಅಮ್ಮನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಚರ್ಮದ ವಿಷಯ ಐದು ನಿಮಿಷ ಇತ್ತೋ ಇಲ್ಲವೋ, ಉಳಿದದ್ದು ಸೊಸೆಯಂದಿರದು. ಒಪ್ಪಿದ್ದಾರೆ.

ಕಾಫಿಯವರೇ, ನೀವೂ ನಿಮ್ಮ ಸ್ನೇಹಿತರೂ ಕಳಿಸಿದ್ದು ಒಟ್ಟು 14,500 ಆಗಿದೆ. ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ತಾಯಿಯ ಕೂಲಿಗೆ, ಬಸ್ಸಿಗೆ ಅಂತ ಇಟ್ಟಿದ್ದೇನೆ, ಇನ್ನೂ ಮುಟ್ಟಿಲ್ಲ.

ಅವರಮ್ಮನ ಒಂದು ಪ್ರಶ್ನೆ ಕೀಲುಮೂಳೆಯವರಿಗೆ. ‘ಆ ಕತ್ತಿನ ಪಟ್ಟಿ ಹಾಕ್ಕೊಂಡು ಇಸ್ಕೂಲಿಗೆ ಬರಬೋದಾ, ಇಲ್ಲಾ ಆರು ತಿಂಗಳು ಮನೇಲೇ ಇರಬೇಕಾ ಸಾ?’ ಮನೆಯಲ್ಲಿರಬೇಕು ಅಂದರೆ ಅವರು ಕೆಲಸ ಬಿಡಬೇಕಾಗುತ್ತದೆ.

ಕೀಲುಮೂಳೆ

ಬರಬಹುದು ಸರ್, ಬರಲೇಬೇಕು. ಗಾಯ ಒಣಗಿ ಡ್ರೆಸ್ಸಿಂಗ್ ನಿಂತ ಮೇಲೆ ಶಾಲೆಗೆ ಕಳಿಸಲಿ. ಬಿಸಿಲಿಗೆ ಹೋಗುವಾಗ ಮಾತ್ರ ಹೊಸ ಚರ್ಮದ ಮೇಲೆ ಹತ್ತಿ ಬಟ್ಟೆ ಮುಚ್ಚಲಿ. ಕಾಲರ್ ಹಾಕಿದಾಗ ಕೆಳಗೆ ನೋಡೋಕೆ ಆಗಲ್ಲ, ನೆಲದ ಮೇಲೆ ಪುಸ್ತಕ ಇಟ್ಟರೆ ಓದೋಕೆ ಆಗಲ್ಲ. ಅವಳ ಮುಂದೆ ಎದೆ ಮಟ್ಟಕ್ಕೆ ಬರುವ ಹಾಗೆ ಒಂದು ಓರೆ ಹಲಗೆ ಮಾಡಿಸಿ, ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಕಾಲರ್ ಒಳಗೆ ಬೆವರುತ್ತದೆ, ಒಳಗೆ ಹಾಕಲು ಹಳೆಯ ಹತ್ತಿ ಪಂಚೆಯ ತುಂಡು ನಾಲ್ಕೈದು ಇಟ್ಟುಕೊಂಡಿರಿ. ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ ಬಿಚ್ಚಿ, ಊಟ ಆದ ತಕ್ಷಣ ಹಾಕಿ. ಮನೆಯಲ್ಲಿ ತಾಯಿ ಪಾಪ ಅಂದುಕೊಂಡು ಬಿಚ್ಚಿದರೂ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ನೀವಿದ್ದೀರಲ್ಲ. ಸಿರಪ್ ಕೊಟ್ಟು ಒಂದು ಗಂಟೆಯಾದರೂ ಟೀ ಕೊಡಬೇಡಿ ಅಂತ ಅಜ್ಜಿಗೆ ಹೇಳಿ, ಬದಲಿಗೆ ನಿಂಬೆ ಹಣ್ಣಿನ ಪಾನಕ ಕೊಡಲಿ.